ರಸಬಾಳೆ ಅಜ್ಜಿಯ ಪ್ರಶ್ನೆ

ಆಗಸ್ಟ್ 6, ಹಿರೋಶಿಮಾ ದಿನ. ನಂಜನಗೂಡು ದೇವಸ್ಥಾನದ ಬಳಿ ‘ಅಣುಬಾಂಬ್ ಬೇಡ’ ಎಂಬ ಕರಪತ್ರ ಹಂಚುತ್ತಿದ್ದೆ. ತುಂಬ ಅಂಕಿಸಂಖ್ಯೆ; ಯಾರೂ ಓದಲಿಲ್ಲ. ರಸಬಾಳೆ ಮಾರುವ ಅಜ್ಜಿ, “ಇದೆಲ್ಲ ನಮಗ್ಯಾಕಪ್ಪ?” ಎಂದರು.

ಸದಾಕೊ ಕತೆ ಹೇಳಿದೆ. 1945ರಲ್ಲಿ ಬಾಂಬ್ ಬಿದ್ದಾಗ ಅವಳಿಗೆ ಎರಡು ವರ್ಷ. ಅಂದು ಬದುಕುಳಿದವಳನ್ನು ವಿಕಿರಣ ಬಿಡಲಿಲ್ಲ. ರಕ್ತದ ಕ್ಯಾನ್ಸರ್ ಬಂತು. ಆಸ್ಪತ್ರೆಯಲ್ಲಿ ಕಾಗದದ ಕೊಕ್ಕರೆ ಮಡಿಸುತ್ತಿದ್ದವಳು 12ನೇ ವಯಸ್ಸಿಗೇ ತೀರಿಕೊಂಡಳು.

“ನನ್ನ ಮೊಮ್ಮಗಳ ವಯಸ್ಸು!” ಅಜ್ಜಿಯ ಕಣ್ಣು ತುಂಬಿತು. “ನಾವು ಹೇಳಿದ್ರೆ ದೊಡ್ಡವರು ಕೇಳ್ತಾರಾ?”

“1986ರಲ್ಲಿ ಜಗತ್ತಿನಲ್ಲಿ ಸುಮಾರು 70 ಸಾವಿರ ಅಣ್ವಸ್ತ್ರಗಳಿದ್ದವು ಅಜ್ಜಿ. ಜನ ಬೀದಿಗಿಳಿದರು, ದೇಶಗಳು ಒಪ್ಪಂದ ಮಾಡಿಕೊಂಡವು. ಈಗ ಸುಮಾರು 12 ಸಾವಿರ.”

“ಇನ್ನೂ ಅಷ್ಟಿವೆಯಾ? ಹಾಗಾದ್ರೆ ಮುಂದಿನ ಊರಿಗೂ ಹೋಗಿ ಹೇಳಪ್ಪ.”

ಕಪಿಲೆ ಕಾವೇರಿಯನ್ನು ಸೇರುವ ತಿ. ನರಸೀಪುರಕ್ಕೆ ಮರುದಿನವೇ ಹೊರಟೆ. ಕರಪತ್ರ ಒಯ್ಯಲಿಲ್ಲ, ಸದಾಕೊ ಕತೆ ಒಯ್ದೆ.