ಕುಲ್ಲು ಶಾಲು: ನೇಕಾರರ ಕೂಲಿ ಮತ್ತು ಹೆಸರಿನ ರಕ್ಷಣೆ

ಚಳಿಗಾಲ ಸಮೀಪಿಸಿತೆಂದರೆ ನಮ್ಮ ಊರುಗಳ ಮಾರಾಟ ಮೇಳಗಳಲ್ಲಿ ‘ಅಪ್ಪಟ ಕುಲ್ಲು ಶಾಲು’ ಎಂಬ ಫಲಕದ ಕೆಳಗೆ ಐದಾರು ನೂರು ರೂಪಾಯಿಯ ಶಾಲುಗಳ ರಾಶಿ ಕಾಣಿಸಿಕೊಳ್ಳುತ್ತದೆ. ಹಿಮಾಚಲ ಪ್ರದೇಶದ ಈ ನೇಯ್ಗೆಯ ಹಿಂದಿನ ಶ್ರಮವನ್ನು ಬಲ್ಲವರಿಗೆ ಆ ಬೆಲೆಯೊಂದೇ ಸಂಶಯಕ್ಕೆ ಸಾಕು.

ಕುಲ್ಲು ಕಣಿವೆಯ ಸ್ತ್ರೀಯರು ಮೈತುಂಬ ಉಡುವ ‘ಪಟ್ಟು’ ಎಂಬ ಉಣ್ಣೆಯ ವಸ್ತ್ರ ಈ ಶಾಲಿನ ಹಿರಿಯ ಬಂಧು. ಹಿಂದೆ ಇದು ಮಾರಾಟದ ಸರಕಾಗಿರಲಿಲ್ಲ. ಸ್ಥಳೀಯ ಕುರಿಗಳ ಉಣ್ಣೆಯನ್ನು ನೂತು ಮನೆಯ ಬಳಕೆಗೆ ನೇಯುತ್ತಿದ್ದರು. ಸಾದಾ ಬಟ್ಟೆಗೆ ಬಣ್ಣಬಣ್ಣದ ರೇಖಾಚಿತ್ತಾರಗಳು ಬಂದದ್ದು ಬುಶಹರ್ ಸೀಮೆಯಿಂದ ವಲಸೆ ಬಂದ ಕಿನ್ನೌರಿ ನೇಕಾರರ ಸಂಪರ್ಕದಿಂದ. 1940ರ ದಶಕದಲ್ಲಿ ಚಿತ್ರನಟಿ ದೇವಿಕಾರಾಣಿಯವರ ಕೋರಿಕೆಯಂತೆ ಬನೋಂತರ್ ಗ್ರಾಮದ ಶೇರು ರಾಮ್ ಎಂಬವರು ನಗರದವರು ಹೊದೆಯುವ ಅಳತೆಯ ಮೊದಲ ಶಾಲನ್ನು ನೇಯ್ದರೆಂದು ಅಲ್ಲಿ ಪ್ರತೀತಿಯಿದೆ. (ಮುಂದೆ ಬೆಂಗಳೂರಿನ ಹೊರವಲಯದ ತಾತಗುಣಿ ತೋಟದ ಒಡತಿಯಾಗಿ ನಮಗೆ ಪರಿಚಿತರಾದ ದೇವಿಕಾರಾಣಿಯವರೇ ಇವರು.) 1944ರಲ್ಲಿ ಭುಟ್ಟಿ ಗ್ರಾಮದ ಕೆಲವೇ ನೇಕಾರರು ಸೇರಿ ಸಹಕಾರ ಸಂಘವನ್ನು ಕಟ್ಟಿದರು. ಸೊರಗಿದ್ದ ಸಂಘವನ್ನು 1956ರಿಂದ ಠಾಕುರ್ ವೇದರಾಮ್ ಅವರು ಮೇಲೆತ್ತಿದರು. ‘ಭುಟ್ಟಿಕೋ’ ಎಂಬ ಹೆಸರಿನಿಂದ ಪ್ರಸಿದ್ಧವಾದ ಸಂಸ್ಥೆ ಅದೇ.

ಈಗ ಲೆಕ್ಕಕ್ಕೆ ಬರೋಣ. ಚಿತ್ತಾರದ ಅಂಚಿನಲ್ಲಿ ಲಾಳಿಯ ಓಟ ನಡೆಯುವುದಿಲ್ಲ. ನೇಕಾರರು ಬಣ್ಣದ ಎಳೆಗಳನ್ನು ಒಂದೊಂದಾಗಿ ಬೆರಳುಗಳಿಂದಲೇ ಹಾಸಿನ ನಡುವೆ ತೂರಿಸಬೇಕು. ವಾದಕ್ಕಾಗಿ ಒಂದು ಶಾಲಿಗೆ ಆರು ದಿನಗಳೆಂದೂ, ದಿನಗೂಲಿ 500 ರೂಪಾಯಿಯೆಂದೂ, ನೂಲಿಗೆ 600, ಇತರ ವೆಚ್ಚಕ್ಕೆ 400 ಎಂದೂ ಇಟ್ಟುಕೊಳ್ಳಿ. ಅಸಲೇ 4,000 ರೂಪಾಯಿ. ಅದರಲ್ಲಿ ಮುಕ್ಕಾಲು ಪಾಲು ಕೂಲಿ. ಯಂತ್ರದ ಅನುಕರಣೆಯಲ್ಲಿ ಈ ಕೂಲಿಯ ಬಾಬ್ತು ಬಹುತೇಕ ಮಾಯವಾಗುತ್ತದೆ. ಯಂತ್ರದ ಶಾಲನ್ನು ಯಂತ್ರದ್ದೆಂದೇ ಮಾರಿದರೆ ಯಾರ ಆಕ್ಷೇಪವೂ ಇರಲಾರದು. ಕುಲ್ಲುವಿನ ಹೆಸರಿನಲ್ಲಿ ಮಾರಿದಾಗ ಆ ದರವೇ ಪೇಟೆಯ ದರವಾಗಿ, ಕೊನೆಗೆ ನೇಕಾರರ ಕೂಲಿಯನ್ನು ಕೆಳಕ್ಕೆಳೆಯುತ್ತದೆ.

ಕುಲ್ಲು ಶಾಲಿಗೂ ಕಿನ್ನೌರಿ ಶಾಲಿಗೂ ಭೌಗೋಳಿಕ ಸೂಚಕದ ನೋಂದಣಿ ಆಗಿದೆ. ಇಷ್ಟರಿಂದ ರಕ್ಷಣೆ ತಾನಾಗಿ ದೊರೆಯಿತೆಂದು ಭಾವಿಸುವವರು ಹಲವರು. 2003ರ ಸೆಪ್ಟೆಂಬರ್‌ನಲ್ಲಿ ಜಾರಿಗೆ ಬಂದ 1999ರ ಕಾಯ್ದೆಯನ್ನು ಓದಿದರೆ ಸಂಗತಿ ಬೇರೆ. ಹೆಸರು ಸಂಘದ ಅಥವಾ ಪ್ರಾಧಿಕಾರದ ಒಡೆತನದಲ್ಲಿ ನೋಂದಣಿಯಾಗುತ್ತದೆ. ಆದರೆ ಆ ಹೆಸರನ್ನು ಬಳಸುವ ವಿಶೇಷ ಹಕ್ಕನ್ನು ಕಾಯ್ದೆ ಕೊಡುವುದು ‘ಅಧಿಕೃತ ಬಳಕೆದಾರ’ರೆಂದು ಪ್ರತ್ಯೇಕವಾಗಿ ನೋಂದಾಯಿಸಿಕೊಂಡವರಿಗೆ. ನೋಂದಣಿಯ ಅವಧಿ ಹತ್ತು ವರ್ಷ, ಅನಂತರ ನವೀಕರಿಸಬೇಕು. ವ್ಯಾಪಾರ ಮುದ್ರೆಯಂತೆ ಇದನ್ನು ಮಾರುವಂತಿಲ್ಲ, ಪರವಾನಗಿ ಕೊಡುವಂತಿಲ್ಲ, ಅಡವಿಡುವಂತೆಯೂ ಇಲ್ಲ.

ನಮ್ಮ ಓದುಗರು ವಿಶೇಷವಾಗಿ ಗಮನಿಸಬೇಕಾದದ್ದು ‘ಉತ್ಪಾದಕ’ ಎಂಬ ಪದದ ವ್ಯಾಖ್ಯೆ. ಕರಕುಶಲ ವಸ್ತುಗಳ ವಿಷಯದಲ್ಲಿ ತಯಾರಕನ ಜೊತೆಗೆ ಆ ವಸ್ತುವಿನ ವ್ಯಾಪಾರಿಯೂ ಅದರಲ್ಲಿ ಸೇರುತ್ತಾನೆ. 2020ರ ತಿದ್ದುಪಡಿ ನಿಯಮಗಳು ಅಧಿಕೃತ ಬಳಕೆದಾರರ ಅರ್ಜಿ ಶುಲ್ಕವನ್ನು 500 ರೂಪಾಯಿಯಿಂದ 10 ರೂಪಾಯಿಗೆ ಇಳಿಸಿವೆ. ಹೀಗಿರುವಾಗ ಶುಲ್ಕ ಭಾರವೆಂಬ ನೆಪಕ್ಕೆ ಅವಕಾಶವಿಲ್ಲ. ನಿಜವಾದ ಅಡಚಣೆ ದಾಖಲೆಗಳದು: ಮನೆಯ ಮಗ್ಗದಲ್ಲಿ ದುಡಿಯುವವರ ಬಳಿ ನೂಲಿನ ಖರೀದಿ ಬಿಲ್ಲೂ ಇರುವುದಿಲ್ಲ, ಮಾರಾಟದ ಪುಸ್ತಕವೂ ಇರುವುದಿಲ್ಲ. ಸಹಕಾರ ಸಂಘದ ಉಪಯೋಗ ಕಾಣುವುದು ಇಲ್ಲಿಯೇ. ನೂಲಿನ ದಾಸ್ತಾನು, ಕೂಲಿಯ ಪಟ್ಟಿ, ಮಾರಾಟದ ಲೆಕ್ಕ ಒಂದೇ ಕಡೆ ದೊರೆಯುವುದರಿಂದ ವ್ಯಾಜ್ಯ ಬಂದಾಗ ಮೂಲವನ್ನು ರುಜುವಾತುಪಡಿಸಬಹುದು.

ಉತ್ತರದಿಂದ ಶಾಲುಗಳನ್ನು ತರಿಸುವ ವರ್ತಕರು ಖರೀದಿ ಬಿಲ್ಲಿನಲ್ಲಿ ‘ಶಾಲು’ ಎಂದಷ್ಟೇ ಬರೆಸಿಕೊಳ್ಳದೆ, ಕೈಮಗ್ಗದ್ದೋ ಯಂತ್ರದ್ದೋ, ಉಣ್ಣೆ ಯಾವುದು, ಮಿಶ್ರಣವಿದ್ದರೆ ಎಷ್ಟು ಎಂಬುದನ್ನು ನಮೂದಿಸಿಕೊಳ್ಳುವುದು ಕ್ಷೇಮ. ಜಿ.ಐ. ಹೆಸರು ಹೇಳುವ ಸರಬರಾಜುದಾರರಿಂದ ಅಧಿಕೃತ ಬಳಕೆದಾರರ ನೋಂದಣಿ ಸಂಖ್ಯೆಯನ್ನು ಕೇಳಿರಿ. 2006ರಲ್ಲಿ ಆರಂಭವಾದ ‘ಹ್ಯಾಂಡ್‌ಲೂಮ್ ಮಾರ್ಕ್’ ಚೀಟಿ ಕೈಮಗ್ಗವೆಂಬುದಕ್ಕೆ ಗುರುತೇ ಹೊರತು ಕುಲ್ಲುವಿನದೆಂಬುದಕ್ಕೆ ಅಲ್ಲ; ಎರಡನ್ನೂ ಬೆರೆಸಬಾರದು.

ಇಳಕಲ್, ಮೊಳಕಾಲ್ಮೂರು, ಉಡುಪಿ ಸೀರೆಗಳ ವ್ಯವಹಾರದಲ್ಲಿರುವ ಸದಸ್ಯರಿಗೂ ಇದೇ ಕಾಯ್ದೆ, ಇದೇ ಹತ್ತು ರೂಪಾಯಿಯ ಅರ್ಜಿ ಅನ್ವಯಿಸುತ್ತದೆ.