ಬಾಲದ ಬೋಲ್ಟ್ ಸಡಿಲವಾಗದೇಕೆ?

ಪ್ರಶ್ನೆ: ಹೆಲಿಕಾಪ್ಟರ್ ಅಷ್ಟೊಂದು ಅದುರುತ್ತದಲ್ಲ, ಬಾಲದ ರೆಕ್ಕೆಯ ನಟ್ಟು-ಬೋಲ್ಟುಗಳು ಸಡಿಲವಾಗುವುದಿಲ್ಲವೇ? (ಹೇಮಗಿರಿಯ ಓದುಗರೊಬ್ಬರು)

ಬಿಟ್ಟರೆ ಖಂಡಿತ ಆಗುತ್ತವೆ! ನೆತ್ತಿಯ ದೊಡ್ಡ ರೆಕ್ಕೆ ಒಂದು ಕಡೆಗೆ ತಿರುಗಿದರೆ ಒಡಲು ಇನ್ನೊಂದು ಕಡೆಗೆ ತಿರುಗಲು ನೋಡುತ್ತದೆ. ಅದನ್ನು ತಡೆಯುವುದೇ ಬಾಲದ ಪುಟ್ಟ ರೆಕ್ಕೆ. ಎಂಜಿನ್ನಿನ ಶಕ್ತಿ ಅಲ್ಲಿಗೆ ತಲುಪುವುದು ಬಾಲದುದ್ದಕ್ಕೂ ಬೋಲ್ಟ್ ಹಾಕಿ ಜೋಡಿಸಿದ ಶಾಫ್ಟುಗಳ ಮೂಲಕ. ಅದುರಾಟಕ್ಕೆ ಜೋಡಣೆ ಕೂದಲೆಳೆಯಷ್ಟು ಜಾರಿದರೂ ನಟ್ ಮೆಲ್ಲಗೆ ಬಿಚ್ಚಿಕೊಳ್ಳತೊಡಗುತ್ತದೆ.

ಹಾಗಾಗಿ ಮೊದಲು ಟಾರ್ಕ್ ರೆಂಚಿನಿಂದ ನಿಗದಿತ ಬಿಗಿ. ಕೈಯಂದಾಜು ಇಲ್ಲಿ ನಡೆಯದು. ಆಮೇಲೆ ಬೀಗ. ನಿಮ್ಮೂರ ದನಗಳ ಜಾತ್ರೆಗೆ ಬರುವ ಗಾಡಿಗಳ ಅಚ್ಚಿನ ತುದಿಯ ಕಡಾಣಿ ನೋಡಿದ್ದೀರಲ್ಲ? ಚಕ್ರ ಕಳಚದಂತೆ ಅದು ಅಡ್ಡ ನಿಲ್ಲುತ್ತದೆ. ತಲೆಯಲ್ಲಿ ಸೀಳುಗಳಿರುವ ನಟ್ಟಿಗೂ ಬೋಲ್ಟಿಗೂ ಅಡ್ಡವಾಗಿ ತೂರಿಸುವ ಸ್ಪ್ಲಿಟ್ ಪಿನ್ನಿನ ಕೆಲಸವೂ ಅದೇ.

ನನಗೆ ಹೆಚ್ಚು ಮೆಚ್ಚುಗೆಯಾಗುವುದು ಲಾಕಿಂಗ್ ವೈರ್. ಅಕ್ಕಪಕ್ಕದ ಬೋಲ್ಟುಗಳ ತಲೆಯ ತೂತುಗಳಲ್ಲಿ ತೆಳು ಉಕ್ಕಿನ ತಂತಿ ಪೋಣಿಸಿ, ಹುರಿಮಾಡಿ ಕಟ್ಟುತ್ತಾರೆ. ಒಂದು ಬಿಚ್ಚಲು ಹೊರಟರೆ ತಂತಿ ಇನ್ನೊಂದನ್ನು ಬಿಗಿಯುವ ದಿಕ್ಕಿಗೇ ಎಳೆಯುತ್ತದೆ. ಕೆಲವೆಡೆ ನಟ್ಟಿನಿಂದ ಒಡಲಿನವರೆಗೆ ಬಣ್ಣದ ಗೆರೆಯೂ ಉಂಟು. ಗೆರೆ ತುಂಡಾಗಿದ್ದರೆ ನಟ್ ತಿರುಗಿದೆ ಎಂದೇ ಲೆಕ್ಕ.

1992ರಲ್ಲಿ ಬೆಂಗಳೂರಿನಲ್ಲಿ ಮೊದಲು ಹಾರಿದ ಎಚ್‌ಎಎಲ್‌ನ ಧ್ರುವ ಹೆಲಿಕಾಪ್ಟರಿಗೂ ಇಂಥ ಬಾಲದ ರೆಕ್ಕೆಯಿದೆ. ಅಂದಹಾಗೆ, ಒಮ್ಮೆ ಬಿಚ್ಚಿದ ಸ್ಪ್ಲಿಟ್ ಪಿನ್ನನ್ನೂ ತಂತಿಯನ್ನೂ ಮತ್ತೆ ಹಾಕುವಂತಿಲ್ಲ. ಪ್ರತಿ ಸಲವೂ ಹೊಸದೇ ಆಗಬೇಕು.