ಇಪ್ಪತ್ತೊಂದರ ಮೂರನೆಯ ಪ್ರತಿ

ಎಂಆರ್‌ಐ ಮಾಡಿಸಿಕೊಂಡವರಿಗೆ ಆ ಸದ್ದು ಮರೆಯುವುದಿಲ್ಲ. ಕಿವಿಗೆ ಹತ್ತಿ ತುರುಕಿದರೂ ಸುತ್ತಿಗೆ ಬಡಿದಂತೆ ಕೇಳುತ್ತದೆ, ಮುಖದ ಮೇಲೆ ಪಂಜರದಂಥ ಚೌಕಟ್ಟು ಬೇರೆ. ಅಲುಗಾಡಿದರೆ ಚಿತ್ರ ಕೆಟ್ಟಿತು. ಡೌನ್ ಸಿಂಡ್ರೋಮ್ ಇರುವ ವಯಸ್ಕರನ್ನು ಈ ಪರೀಕ್ಷೆಗೆ ಕರೆಯುವ ಸಂಶೋಧಕರು ಎಷ್ಟೋ ಕಡೆ ಮೊದಲು ಒಂದು ಸುಳ್ಳುಸುಳ್ಳೇ ಯಂತ್ರದಲ್ಲಿ ಮಲಗಿಸಿ ರೂಢಿ ಮಾಡಿಸುತ್ತಾರೆ. ಅದರಲ್ಲಿ ಅಯಸ್ಕಾಂತವಿಲ್ಲ, ರೆಕಾರ್ಡ್ ಮಾಡಿದ ಸದ್ದು ಮಾತ್ರ.

ಇಷ್ಟೆಲ್ಲ ಪಾಡು ಯಾಕೆಂದರೆ, ಅಲ್ಜೈಮರ್ಸ್ ಹೆಚ್ಚುಕಡಿಮೆ ಇಂಥದೇ ವಯಸ್ಸಿಗೆ ಬರುತ್ತದೆ ಎಂದು ಮೊದಲೇ ಹೇಳಬಹುದಾದ ಅತಿ ದೊಡ್ಡ ಗುಂಪು ಇವರದು. ಇವರಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಮಂದಿ ಬದುಕಿನ ಒಂದು ಘಟ್ಟದಲ್ಲಿ ಮರೆವಿನ ಕಾಯಿಲೆಗೆ ಸಿಕ್ಕುತ್ತಾರೆ.

ಡೌನ್ ಸಿಂಡ್ರೋಮ್ ಇರುವವರಲ್ಲಿ 21ನೇ ವರ್ಣತಂತು ಎರಡರ ಬದಲು ಮೂರು ಇರುತ್ತದೆಂದು 1959ರಲ್ಲಿ ಪ್ಯಾರಿಸ್‌ನಲ್ಲಿ ಗೊತ್ತಾಯಿತು. 1984ರಲ್ಲಿ ಅಮೆರಿಕದ ಜಾರ್ಜ್ ಗ್ಲೆನರ್ ಅಲ್ಜೈಮರ್ಸ್ ರೋಗಿಗಳ ಮಿದುಳಿನ ರಕ್ತನಾಳಗಳಿಂದ ಬೀಟಾ ಅಮೈಲಾಯ್ಡ್ ಎಂಬ ಪ್ರೋಟೀನು ತೆಗೆದರು. ಡೌನ್ ಸಿಂಡ್ರೋಮ್ ಇದ್ದವರ ಮಿದುಳಿನಲ್ಲೂ ಅದೇ ಸಿಕ್ಕಿತು. ಹಾಗಿದ್ದರೆ ಅದರ ಜೀನ್ 21ರಲ್ಲೇ ಇರಬೇಕು ಎಂದು ಅವರು ಊಹಿಸಿದರು. 1987ರಲ್ಲಿ ಅದು ಅಲ್ಲೇ ಪತ್ತೆಯಾಯಿತು. ಹೆಸರು ಎಪಿಪಿ. ಅದರ ಮೂರು ಪ್ರತಿ ಇದ್ದರೆ ಅಮೈಲಾಯ್ಡ್ ಕೂಡ ಬೇಗ ಕೂಡಿಕೊಳ್ಳುತ್ತದೆ. ಎರಡು ಒಲೆಯ ಮನೆಗಿಂತ ಮೂರು ಒಲೆ ಉರಿಯುವ ಮನೆಯಲ್ಲಿ ಮಸಿ ಬೇಗ ಕಟ್ಟುತ್ತದಲ್ಲ, ಹಾಗೆ.

ಆ ಮಸಿಯನ್ನು ನೋಡಲು ಬಹುಕಾಲ ಸಾವಿನವರೆಗೆ ಕಾಯಬೇಕಿತ್ತು. ಪಿಟ್ಸ್‌ಬರ್ಗ್‌ನ ವಿಲಿಯಂ ಕ್ಲಂಕ್ ಮತ್ತು ಚೆಸ್ಟರ್ ಮ್ಯಾಥಿಸ್, ಪ್ರಯೋಗಾಲಯದ ಹಳೆಯ ಬಣ್ಣವೊಂದನ್ನು ತಿದ್ದಿ, ಅಮೈಲಾಯ್ಡ್‌ಗೆ ಅಂಟುವ ವಿಕಿರಣಶೀಲ ದ್ರಾವಣ ಮಾಡಿದರು. 2002ರಲ್ಲಿ ಸ್ವೀಡನ್ನಿನ ಉಪ್ಸಾಲಾದಲ್ಲಿ ಅದನ್ನು ಮೊದಲ ಬಾರಿಗೆ ಮನುಷ್ಯರಿಗೆ ಕೊಟ್ಟರು. ಅದರಲ್ಲಿರುವ ಕಾರ್ಬನ್-11 ಇಪ್ಪತ್ತೇ ನಿಮಿಷಕ್ಕೆ ಅರ್ಧವಾಗುತ್ತದೆ. ಹಾಗಾಗಿ ತಯಾರಿಸುವ ಯಂತ್ರವೂ ಆ ವಿಕಿರಣ ಹಿಡಿದು ಚಿತ್ರ ಕೊಡುವ ಪೆಟ್ ಸ್ಕ್ಯಾನರೂ ಹತ್ತಿರದಲ್ಲೇ ಇರಬೇಕು, ಒಲೆಯಿಂದ ನೇರ ಎಲೆಗೆ ಬಡಿಸಿದಂತೆ.

ಚಿತ್ರಗಳು ಹೇಳಿದ್ದು ವಿಚಿತ್ರ. ಸಾಮಾನ್ಯ ಅಲ್ಜೈಮರ್ಸ್‌ನಲ್ಲಿ ಅಮೈಲಾಯ್ಡ್ ಮೊದಲು ಮಿದುಳಿನ ಹೊರಪದರದಲ್ಲಿ ಕಾಣುತ್ತದೆ. ಡೌನ್ ಸಿಂಡ್ರೋಮ್ ಇರುವವರಲ್ಲಿ ಒಳಗಿನ ಸ್ಟ್ರಯೇಟಂ ಎಂಬ ಭಾಗದಲ್ಲೇ ಬೇಗ ಹೊಳೆಯುತ್ತದೆ. ಬಾರ್ಸಿಲೋನಾದ ಹುವಾನ್ ಫೋರ್ತೆಯಾ ಮತ್ತು ಜೊತೆಗಾರರು 2020ರಲ್ಲಿ ಪ್ರಕಟಿಸಿದ 388 ಜನರ ಅಧ್ಯಯನದಲ್ಲಿ ಪೆಟ್ ಚಿತ್ರ ಮೂವತ್ತು ದಾಟಿದವರಲ್ಲೇ ಬದಲಾಗುತ್ತಿತ್ತು. ನೆನಪನ್ನು ಕಾಪಾಡುವ ಹಿಪೊಕ್ಯಾಂಪಸ್ ಕುಗ್ಗುವುದು ನಲವತ್ತರ ನಂತರ. ಮರೆವಿನ ಕಾಯಿಲೆ ಎಂದು ವೈದ್ಯರು ಹೆಸರಿಟ್ಟಾಗಿನ ಮಧ್ಯಮ ವಯಸ್ಸು 53.7.

ನನ್ನನ್ನು ಬಿಡದೆ ಕಾಡುವುದು ಒಬ್ಬನೇ ಒಬ್ಬನ ಚಿತ್ರ. ಆತನಿಗೆ 72 ವರ್ಷ, ಡೌನ್ ಸಿಂಡ್ರೋಮ್. ಆದರೆ 21ರ ಮೂರನೆಯ ಪ್ರತಿ ಪೂರ್ತಿ ಇರಲಿಲ್ಲ, ಎಪಿಪಿ ಇರುವ ತುಂಡೇ ಬಿಟ್ಟುಹೋಗಿತ್ತು. ಸ್ಕ್ಯಾನ್‌ನಲ್ಲಿ ಅಮೈಲಾಯ್ಡ್ ಕಾಣಲಿಲ್ಲ, ಮರೆವಿನ ಕಾಯಿಲೆಯೂ ಇರಲಿಲ್ಲ. ಮೂರನೆಯ ಒಲೆ ಹಚ್ಚದ ಮನೆ. ಸಾವಿರ ಪುಟ ವಾದಿಸಿದ್ದರೂ ಇಷ್ಟು ಸ್ಪಷ್ಟವಾಗಿ ಹೇಳಲು ಆಗುತ್ತಿರಲಿಲ್ಲ.

ಸ್ಕ್ಯಾನ್ ಬೇಕಾಗುವುದು ಬರೀ ವಿಜ್ಞಾನಕ್ಕಲ್ಲ. ದಿನಾ ತಾನೇ ಅಂಗಿ ಗುಂಡಿ ಹಾಕಿಕೊಳ್ಳುತ್ತಿದ್ದವನು ಒಂದು ಬೆಳಿಗ್ಗೆ ಗುಂಡಿ ಹಿಡಿದು ಸುಮ್ಮನೆ ನಿಂತರೆ, ‘ಅವನು ಇರೋದೇ ಹಾಗೆ’ ಎಂದು ತಳ್ಳಿಹಾಕುವುದು ಸುಲಭ. ಮೊದಲು ಹೀಗಿರಲಿಲ್ಲ ಎಂದು ಸಾಕ್ಷಿ ಹೇಳಬೇಕಾದ ತಾಯಿಗೆ ಆ ಹೊತ್ತಿಗೆ ಎಂಬತ್ತಾಗಿರುತ್ತದೆ, ಇಲ್ಲವೇ ಅವಳು ಇರುವುದೇ ಇಲ್ಲ. 1983ರಲ್ಲಿ ಅಮೆರಿಕದಲ್ಲೂ ಡೌನ್ ಸಿಂಡ್ರೋಮ್ ಇರುವವರ ಸರಾಸರಿ ಆಯಸ್ಸು 25ರ ಆಸುಪಾಸು; ಈಗ ಅರವತ್ತರ ಹತ್ತಿರ. ತಂದೆತಾಯಿಯ ನಂತರವೂ ಬದುಕುವವರು ಹೆಚ್ಚಿದ್ದಾರೆ.

ಇಷ್ಟು ಕೊಟ್ಟವರಿಗೆ ಸಿಕ್ಕಿದ್ದೇನು? ಅಮೈಲಾಯ್ಡ್ ತೆಗೆಯುವ ಲೆಕನೆಮ್ಯಾಬ್ 2023ರಲ್ಲಿ, ಡೊನನೆಮ್ಯಾಬ್ 2024ರಲ್ಲಿ ಅಮೆರಿಕದಲ್ಲಿ ಪೂರ್ಣ ಒಪ್ಪಿಗೆ ಪಡೆದವು. ಒಪ್ಪಿಗೆ ತಂದುಕೊಟ್ಟ ಪ್ರಯೋಗಗಳಲ್ಲಿ ಡೌನ್ ಸಿಂಡ್ರೋಮ್ ಇರುವವರನ್ನು ಸೇರಿಸಿಕೊಂಡಿರಲಿಲ್ಲ. ನನ್ನ ಮಟ್ಟಿಗೆ ಇದು ಸಾಲ ತೀರಿಸದ ಮಾತು. ಭಯಕ್ಕೆ ಕಾರಣವಿಲ್ಲವೆಂದಲ್ಲ: ಗ್ಲೆನರ್ ಹುಡುಕಿದ ಆ ರಕ್ತನಾಳಗಳ ಗೋಡೆಯಲ್ಲಿ ಇವರಿಗೆ ಅಮೈಲಾಯ್ಡ್ ಹೆಚ್ಚು, ಔಷಧ ಅದನ್ನು ಕೆರೆಯುವಾಗ ರಕ್ತ ಜಿನುಗಬಹುದು. ಇವರಿಗೆಂದೇ ಪ್ರಯೋಗಗಳು ಈಚೆಗಷ್ಟೇ ಶುರುವಾಗಿವೆ. ಅದರಲ್ಲಿ ಸೇರುವವರು ಜಿನುಗನ್ನು ಗಮನಿಸಲು ಪದೇ ಪದೇ ಎಂಆರ್‌ಐಗೆ ಬರಬೇಕು. ಸುಳ್ಳುಸುಳ್ಳೇ ಯಂತ್ರಕ್ಕೆ ಇನ್ನೂ ಬಹಳ ಕೆಲಸವಿದೆ.